ಕಲ್ಯಾಣಕಾರಕದಲ್ಲಿ ಸ್ವಾಸ್ಥ್ಯರಕ್ಷಣೆ: ಆಹಾರ, ಋತುಚರ್ಯೆ ಮತ್ತು ಅಹಿಂಸೆ

ಆಯುರ್ವೇದಕ್ಕೆ ಪ್ರಯೋಜನಗಳು ಎರಡು. ಸ್ವಸ್ಥನಾದವನ ಸ್ವಾಸ್ಥ್ಯವನ್ನು ರಕ್ಷಿಸುವುದು ಒಂದು. ಆತುರನಾದವನ ವಿಕಾರವನ್ನು ಶಮನಗೊಳಿಸುವುದು ಇನ್ನೊಂದು. ಚರಕಸಂಹಿತೆಯ ಸೂತ್ರಸ್ಥಾನವು ಇವೆರಡನ್ನು ಇದೇ ಕ್ರಮದಲ್ಲಿ ಹೇಳಿ ರಕ್ಷಣೆಗೆ ಮೊದಲ ಸ್ಥಾನವನ್ನು ಕೊಟ್ಟಿದೆ. ರೋಗ ಬಂದ ಬಳಿಕ ಮಾಡುವ ಚಿಕಿತ್ಸೆಗಿಂತ ರೋಗ ಬಾರದಂತೆ ನೋಡಿಕೊಳ್ಳುವ ದಿನಚರ್ಯೆ, ಋತುಚರ್ಯೆ, ಮಿತಾಹಾರಗಳೇ ಶಾಸ್ತ್ರದ ತಳಹದಿ ಎಂಬುದು ಇದರ ತಾತ್ಪರ್ಯ. ಜೈನ ವೈದ್ಯಪರಂಪರೆಯು ಈ ತಳಹದಿಯನ್ನು ಪೂರ್ಣವಾಗಿ ಅಂಗೀಕರಿಸಿತು. ಆದರೆ ಅದರ ಮೇಲೆ ಸಂಹಿತಾಕಾರರು ಕಟ್ಟಿದ ಪಥ್ಯಕ್ರಮದಲ್ಲಿ ಮಾಂಸ, ಮದ್ಯ, ಮಧು ಇವು ಋತುಋತುವಿಗೂ ಬರುತ್ತವೆ. ಇವನ್ನು ಅಂಗೀಕರಿಸುವುದು ಜಿನಮತಾನುಯಾಯಿಗೆ ಸಾಧ್ಯವಿರಲಿಲ್ಲ. ಹಾಗಾದರೆ ಇವನ್ನು ತೆಗೆದುಹಾಕಿದ ಮೇಲೆ ಉಳಿಯುವ ಪಥ್ಯಕ್ರಮವು ಸ್ವಾಸ್ಥ್ಯವನ್ನು ರಕ್ಷಿಸಲು ಸಮರ್ಥವೇ? ಈ ಪ್ರಶ್ನೆಗೆ ಸಮಗ್ರ ಗ್ರಂಥರೂಪದಲ್ಲಿ ಉಳಿದುಬಂದಿರುವ ಉತ್ತರವೇ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’.

ಈ ಗ್ರಂಥದ ಕೊನೆಗೆ ಸೇರಿರುವ ಮಾಂಸನಿರಾಕರಣ ಪ್ರಕರಣವು ವಿದ್ವಾಂಸರಲ್ಲಿ ಪ್ರಸಿದ್ಧವಾಗಿದೆ. ಆದರೆ ಆ ನಿರಾಕರಣೆಗೆ ಬಲವನ್ನು ಕೊಡುವುದು ಗ್ರಂಥದ ಮೊದಲ ಭಾಗದ ಸ್ವಾಸ್ಥ್ಯರಕ್ಷಣಾಧಿಕಾರ. ಮಾಂಸವಿಲ್ಲದೆ ಬದುಕಬಹುದೆಂದು ಮೊದಲು ತೋರಿಸಿದವರಿಗೆ ಮಾತ್ರ ಅದು ಬೇಡವೆಂದು ವೈದ್ಯರ ಸಭೆಯಲ್ಲಿ ವಾದಿಸುವ ಅಧಿಕಾರವುಂಟು. ಇವೆರಡು ಭಾಗಗಳ ಸಂಬಂಧವನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ರಂಥ ಮತ್ತು ಕಾಲ

ಕಲ್ಯಾಣಕಾರಕವು ಸಂಸ್ಕೃತ ಪದ್ಯಗ್ರಂಥ. 1940ರಲ್ಲಿ ಪಂ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಇದನ್ನು ಹಿಂದೀ ಅನುವಾದದೊಡನೆ ಸಂಪಾದಿಸಿದರು. ಸೊಲ್ಲಾಪುರದ ಸಖಾರಾಮ ನೇಮಚಂದ ಗ್ರಂಥಮಾಲೆಯಲ್ಲಿ ಅದು ಪ್ರಕಟವಾಯಿತು. ಗ್ರಂಥದಲ್ಲಿ 25 ಪರಿಚ್ಛೇದಗಳಿದ್ದು, ಅವುಗಳ ಬಳಿಕ ರಿಷ್ಟಾಧ್ಯಾಯ ಮತ್ತು ಹಿತಾಹಿತಾಧ್ಯಾಯ ಎಂಬ ಎರಡು ಪ್ರಕರಣಗಳು ಪರಿಶಿಷ್ಟರೂಪದಲ್ಲಿ ಬರುತ್ತವೆ. ಮೊದಲ ಪರಿಚ್ಛೇದಗಳಲ್ಲಿ ಶಾಸ್ತ್ರಾವತಾರ, ಗರ್ಭೋತ್ಪತ್ತಿ, ಧಾನ್ಯಾದಿಗಳ ಗುಣಾಗುಣ, ಅನ್ನಪಾನವಿಧಿ, ರಸಾಯನವಿಧಿಗಳು ನಿರೂಪಿತವಾಗಿವೆ. ವ್ಯಾಧಿಗಳ ವಿಚಾರವು ಏಳನೆಯ ಪರಿಚ್ಛೇದದಲ್ಲಿ ಆರಂಭವಾಗುತ್ತದೆ. ಅಂದರೆ ಗ್ರಂಥಕಾರರು ರೋಗದ ಬಾಗಿಲನ್ನು ತೆರೆಯುವ ಮೊದಲು ಆರು ಪರಿಚ್ಛೇದಗಳಷ್ಟು ಭೂಮಿಕೆಯನ್ನು ಆರೋಗ್ಯಕ್ಕೆ ಮೀಸಲಿಟ್ಟಿದ್ದಾರೆ.

ಉಗ್ರಾದಿತ್ಯರು ತಮ್ಮ ಗುರುಗಳು ಶ್ರೀನಂದಿ ಆಚಾರ್ಯರೆಂದೂ ಗ್ರಂಥರಚನೆ ರಾಮಗಿರಿಯಲ್ಲಿ ನಡೆಯಿತೆಂದೂ ಹೇಳಿ, ವಿಷ್ಣುರಾಜನೆಂಬ ಅರಸನನ್ನು ಸ್ಮರಿಸಿದ್ದಾರೆ. ರಾಮಗಿರಿಯ ವರ್ಣನೆಯಲ್ಲಿ ವೇಂಗಿ ಮತ್ತು ತ್ರಿಕಲಿಂಗಗಳ ಪ್ರಸ್ತಾಪವಿರುವುದರಿಂದ, ಅದನ್ನು ಇಂದಿನ ಆಂಧ್ರದ ವಿಜಯನಗರಂ ಸಮೀಪದ ರಾಮತೀರ್ಥವೆಂದು ಅನೇಕರು ಗುರುತಿಸಿದ್ದಾರೆ. ನಾಗಪುರದ ಬಳಿಯ ರಾಮಟೇಕವೆಂಬ ಪಕ್ಷವೂ ಇದೆ. ರಾಮತೀರ್ಥದ ಬೆಟ್ಟದಲ್ಲಿ ಜೈನ ಅವಶೇಷಗಳಿವೆ. ಅಲ್ಲಿಯ ಕನ್ನಡ ಶಾಸನವೊಂದು 11ನೆಯ ಶತಮಾನದ ಆರಂಭದಲ್ಲಿ ಆಳಿದ ಪೂರ್ವಚಾಲುಕ್ಯ ವಿಮಲಾದಿತ್ಯನ ಕಾಲದ್ದಾಗಿದ್ದು, ದೇಶೀಗಣದ ತ್ರಿಕಾಲಯೋಗಿ ಸಿದ್ಧಾಂತದೇವರನ್ನು ಹೆಸರಿಸುತ್ತದೆ. ಉಗ್ರಾದಿತ್ಯರ ಕಾಲಕ್ಕೆ ಇದು ಈಚಿನದಾದರೂ ಆ ಸ್ಥಳಕ್ಕೆ ಜೈನ ಮುನಿಗಳೊಡನಿದ್ದ ದೀರ್ಘ ಸಂಬಂಧಕ್ಕೆ ಸಾಕ್ಷಿಯಾಗಿದೆ.

ವಿಷ್ಣುರಾಜನನ್ನು ವೇಂಗಿಯ ನಾಲ್ವಡಿ ವಿಷ್ಣುವರ್ಧನನೆಂದು ಗುರುತಿಸುವುದು ರೂಢಿ. ಅವನ ಆಳ್ವಿಕೆ 8ನೆಯ ಶತಮಾನದ ಉತ್ತರಾರ್ಧದ್ದು. ಹಿತಾಹಿತಾಧ್ಯಾಯವಾದರೋ ನೃಪತುಂಗ ವಲ್ಲಭ ಮಹಾರಾಜಾಧಿರಾಜನ ಸಭೆಯಲ್ಲಿ ನುಡಿದದ್ದೆಂದು ಹೇಳಿಕೊಳ್ಳುತ್ತದೆ. ರಾಷ್ಟ್ರಕೂಟ ಅಮೋಘವರ್ಷನು 814ರಲ್ಲಿ ಬಾಲಕನಾಗಿರುವಾಗಲೇ ಪಟ್ಟಕ್ಕೆ ಬಂದವನು. ಆದುದರಿಂದ ಅಂತಹ ವಿದ್ವತ್ಸಭೆ ನಡೆಯಲು ಮತ್ತಷ್ಟು ವರ್ಷಗಳು ಕಳೆದಿರಬೇಕು. ಮೂಲಗ್ರಂಥವನ್ನು ಆಚಾರ್ಯರು ಯೌವನದಲ್ಲಿ ರಚಿಸಿ, ಹಿತಾಹಿತವನ್ನು ವಾರ್ಧಕದಲ್ಲಿ ಸೇರಿಸಿದರೆಂದರೆ ಈ ಅಂತರವು ಹೊಂದಿಕೊಳ್ಳುತ್ತದೆ. ಪರಿಶಿಷ್ಟದ ಸ್ಥಾನವೂ, ಅದು ಪದ್ಯವನ್ನು ಬಿಟ್ಟು ಗದ್ಯವನ್ನು ಹಿಡಿದಿರುವುದೂ ಈ ಊಹೆಗೆ ಪೋಷಕವಾಗಿವೆ. ಹೇಗಿದ್ದರೂ 8ನೆಯ ಶತಮಾನದ ಕೊನೆ ಮತ್ತು 9ನೆಯ ಶತಮಾನದ ಪೂರ್ವಾರ್ಧಗಳ ನಡುವೆ ಗ್ರಂಥಕಾರರನ್ನು ಇರಿಸುವುದಕ್ಕೆ ಬಾಧಕವಿಲ್ಲ.

ಉಗ್ರಾದಿತ್ಯರು ತಮಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ಇಪ್ಪತ್ತನೆಯ ಪರಿಚ್ಛೇದದಲ್ಲಿ ವಿಷಯವಿಭಾಗದೊಡನೆ ನೆನೆದಿದ್ದಾರೆ. ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷ ಮತ್ತು ಗ್ರಹಶಮನಕ್ಕೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥಗುರು, ಬಾಲಚಿಕಿತ್ಸೆಗೆ ಮೇಘನಾದರು, ವೃಷ್ಯ-ರಸಾಯನಗಳಿಗೆ ಸಿಂಹನಾದರು. ಎಂಟೂ ಅಂಗಗಳನ್ನು ವಿಸ್ತಾರವಾಗಿ ಹೇಳಿದವರು ಸಮಂತಭದ್ರರು. ಅವರ ವಿಸ್ತಾರವನ್ನು ತಾವು ಸಂಗ್ರಹಿಸಿ ಹೇಳಿರುವುದಾಗಿ ಆಚಾರ್ಯರ ವಿನಯ. ಈ ಗ್ರಂಥಗಳು ಇಂದು ದೊರೆಯದಿರುವುದರಿಂದ ಕಲ್ಯಾಣಕಾರಕಕ್ಕೆ ಸ್ವತಂತ್ರ ಗ್ರಂಥದ ಬೆಲೆಯ ಜೊತೆಗೆ ಲುಪ್ತ ಪರಂಪರೆಯ ಸಾಕ್ಷಿಯ ಬೆಲೆಯೂ ಇದೆ.

ಕರ್ಮಸಿದ್ಧಾಂತದಲ್ಲಿ ರೋಗನಿವಾರಣೆಗೆ ಸ್ಥಾನ

ರೋಗವು ಅಸಾತಾವೇದನೀಯ ಕರ್ಮದ ಉದಯದಿಂದ ಬರುವುದಾದರೆ, ಆಯುಷ್ಯವು ಆಯುಃಕರ್ಮದಿಂದ ನಿಯತವಾದುದಾದರೆ, ಪಥ್ಯಾಪಥ್ಯಗಳ ವಿಚಾರದಿಂದ ಆಗುವ ಪ್ರಯೋಜನವೇನು? ಜೈನ ವೈದ್ಯನು ಮೊದಲು ಎದುರಿಸಬೇಕಾದ ಆಕ್ಷೇಪವಿದು. ಇದಕ್ಕೆ ಸಮಾಧಾನವು ಸಿದ್ಧಾಂತಗ್ರಂಥಗಳಲ್ಲಿಯೇ ಇದೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವು ದೇವ-ನಾರಕರು, ಚರಮೋತ್ತಮದೇಹಿಗಳು, ಅಸಂಖ್ಯಾತವರ್ಷಾಯುಷಿಗಳು ಇವರ ಆಯುಷ್ಯವು ಅಪವರ್ತನಕ್ಕೆ ಒಳಗಾಗದೆಂದು ಹೇಳುತ್ತದೆ. ಉಳಿದವರ ಆಯುಷ್ಯವು ವಿಷ, ಶಸ್ತ್ರ, ವೇದನೆ ಮುಂತಾದ ನಿಮಿತ್ತಗಳಿಂದ ಕುಗ್ಗಬಹುದೆಂದು ಇದರಿಂದ ಸಿದ್ಧಿಸುತ್ತದೆ.

ಈ ಸೂತ್ರವನ್ನು ವ್ಯಾಖ್ಯಾನಿಸುವಾಗ ಭಟ್ಟ ಅಕಲಂಕರು ರಾಜವಾರ್ತಿಕದಲ್ಲಿ ಆಯುರ್ವೇದವನ್ನೇ ಪ್ರಮಾಣವಾಗಿ ತರುತ್ತಾರೆ. ಅಷ್ಟಾಂಗ ಆಯುರ್ವೇದವನ್ನು ಬಲ್ಲ ನಿಪುಣ ವೈದ್ಯನು ದೋಷಗಳು ಉದಯಿಸುವ ಕಾಲ ಬರುವ ಮೊದಲೇ ವಮನ, ವಿರೇಚನಾದಿಗಳಿಂದ ಅವನ್ನು ಹೊರಹಾಕುತ್ತಾನೆ. ಅಕಾಲಮೃತ್ಯುವನ್ನು ತಪ್ಪಿಸುವುದಕ್ಕಾಗಿ ರಸಾಯನವನ್ನು ಉಪದೇಶಿಸುತ್ತಾನೆ. ಅಕಾಲಮೃತ್ಯುವೇ ಇಲ್ಲವೆಂದರೆ ಈ ಉಪದೇಶವೆಲ್ಲ ವ್ಯರ್ಥವಾಗಬೇಕಾಗುತ್ತದೆ ಎಂಬುದು ಅವರ ಯುಕ್ತಿಯ ಸಾರ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬಂದ ರೋಗವನ್ನು ಗುಣಪಡಿಸುವ ಚಿಕಿತ್ಸೆಯನ್ನು ಬಿಟ್ಟು, ಬರಲಿರುವ ದೋಷವನ್ನು ಮುಂಚೆಯೇ ತಡೆಯುವ ಕ್ರಿಯೆಯನ್ನು ಅಕಲಂಕರು ಆರಿಸಿಕೊಂಡಿದ್ದಾರೆ. ಸಿದ್ಧಾಂತದ ದೃಷ್ಟಿಯಲ್ಲಿ ಆಯುರ್ವೇದದ ಸಾಮರ್ಥ್ಯವು ಪ್ರಕಟವಾಗುವುದು ಅಲ್ಲಿಯೇ.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನಿರ್ಜರೆಯನ್ನು ವಿವರಿಸುವಾಗ ಮಾವು, ಹಲಸುಗಳನ್ನು ಉಪಾಯದಿಂದ ಹಣ್ಣು ಮಾಡುವ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಕಾಲದಿಂದ ಪಕ್ವವಾಗುವುದು ಬೇರೆ, ಉಪಾಯದಿಂದ ಪಕ್ವಗೊಳಿಸುವುದು ಬೇರೆ. ಕರ್ಮದ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳು ನಿಮಿತ್ತವಾಗುತ್ತವೆ ಎಂದು ಒಪ್ಪುವ ಮತದಲ್ಲಿ ತಿನ್ನುವ ಅನ್ನ, ವಾಸಿಸುವ ನೆಲ, ನಡೆಯುವ ಋತು, ಮನಸ್ಸಿನ ಸ್ಥಿತಿ ಇವು ನಾಲ್ಕೂ ಉದಾಸೀನ ಮಾಡತಕ್ಕ ವಿಷಯಗಳಲ್ಲ. ಪಾಪಕರ್ಮವನ್ನು ರೋಗದ ಅಂತರಂಗ ಕಾರಣವೆಂದು ಹೇಳಿದ ಉಗ್ರಾದಿತ್ಯರು ವಾತ, ಪಿತ್ತ, ಕಫಗಳ ವಿಚಾರವನ್ನು ಅಷ್ಟೇ ಶ್ರದ್ಧೆಯಿಂದ ಮಾಡಿರುವುದು ಈ ನೆಲೆಯಲ್ಲಿ ಸುಸಂಗತವಾಗಿದೆ.

ಶಾಸ್ತ್ರಾವತಾರದ ಕಥೆಯೂ ಇದನ್ನೇ ಸೂಚಿಸುತ್ತದೆ. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳಿಂದ ಜನ ನಿರಾಮಯರಾಗಿದ್ದರು. ಕರ್ಮಭೂಮಿ ಬಂದ ಮೇಲೆ ದೋಷಕೋಪದಿಂದ ಪೀಡಿತರಾದರು. ಅವರ ರಕ್ಷಣೆಯ ಉಪಾಯವೇನೆಂದು ಭರತ ಚಕ್ರವರ್ತಿ ಆದಿಜಿನನನ್ನು ಕೇಳುತ್ತಾನೆ. ಪುರುಷ, ರೋಗ, ಔಷಧ, ಕಾಲ ಎಂಬ ನಾಲ್ಕು ವಸ್ತುಗಳಲ್ಲಿ ಉತ್ತರವು ವಿಭಕ್ತವಾಗಿದೆ. ದ್ವಾದಶಾಂಗದ ದೃಷ್ಟಿವಾದದಲ್ಲಿ ಪ್ರಾಣಾವಾಯವೆಂಬ ಹನ್ನೆರಡನೆಯ ಪೂರ್ವವು ಅಷ್ಟಾಂಗ ಆಯುರ್ವೇದವನ್ನು ಒಳಗೊಂಡಿತ್ತೆಂಬ ಆಗಮಪ್ರಸಿದ್ಧಿಯೊಡನೆ ಈ ಕಥೆ ಹೊಂದಿಕೊಳ್ಳುತ್ತದೆ.

ಎರಡು ಬಗೆಯ ಸ್ವಾಸ್ಥ್ಯ

ಸುಶ್ರುತಸಂಹಿತೆಯಲ್ಲಿ ಸ್ವಸ್ಥನ ಲಕ್ಷಣ ಪ್ರಸಿದ್ಧವಾಗಿದೆ. ದೋಷ, ಅಗ್ನಿ, ಧಾತು, ಮಲಕ್ರಿಯೆಗಳು ಸಮವಾಗಿರುವುದು. ಆತ್ಮ, ಇಂದ್ರಿಯ, ಮನಸ್ಸುಗಳು ಪ್ರಸನ್ನವಾಗಿರುವುದು. ಉಗ್ರಾದಿತ್ಯರು ಈ ಲಕ್ಷಣವನ್ನು ಬಹುಮಟ್ಟಿಗೆ ಹಾಗೆಯೇ ಸ್ವೀಕರಿಸುತ್ತಾರೆ. ಆದರೆ ಅದಕ್ಕೆ ಅವರು ಕೊಡುವ ಹೆಸರು ವ್ಯವಹಾರಸ್ವಾಸ್ಥ್ಯ. ಅದಕ್ಕಿಂತ ಮೇಲಿನದು ಪರಮಾರ್ಥಸ್ವಾಸ್ಥ್ಯ. ಅಶೇಷಕರ್ಮಕ್ಷಯದಿಂದ ಉಂಟಾಗುವ ಆತ್ಯಂತಿಕವೂ ಅತೀಂದ್ರಿಯವೂ ಆದ ಸುಖವೇ ಅದು.

ನಿಶ್ಚಯ-ವ್ಯವಹಾರಗಳ ವಿಭಾಗವನ್ನು ವೈದ್ಯಕ್ಕೆ ಅನ್ವಯಿಸಿದ ಈ ಕ್ರಮವು ಕೇವಲ ಅಲಂಕಾರವಲ್ಲ. ಇದರಿಂದ ಎರಡು ಪರಿಣಾಮಗಳುಂಟಾದವು. ದೇಹದ ಆರೋಗ್ಯವೇ ಕೊನೆಯ ಗುರಿಯಾಗದ ಕಾರಣ, ಅದರ ಸಲುವಾಗಿ ಪರಜೀವವನ್ನು ಬಲಿಕೊಡುವುದಕ್ಕೆ ಸಮರ್ಥನೆ ಇಲ್ಲವಾಯಿತು. ಪರಮಾರ್ಥಸ್ವಾಸ್ಥ್ಯವನ್ನು ಕೆಡಿಸಿ ವ್ಯವಹಾರಸ್ವಾಸ್ಥ್ಯವನ್ನು ಗಳಿಸುವುದು ಬಡ್ಡಿಗಾಗಿ ಮೂಲಧನವನ್ನು ಕಳೆದುಕೊಂಡಂತೆ. ಜೊತೆಗೆ ವ್ಯವಹಾರದ ಮಟ್ಟದಲ್ಲಿ ಆರೋಗ್ಯಕ್ಕೆ ಸತ್ಯವಾದ ಬೆಲೆಯೂ ದೊರೆಯಿತು. ಸಂಯಮಸಾಧನೆಗೆ ದೇಹವು ಉಪಕರಣವಾಗಿರುವವರೆಗೆ ಅದನ್ನು ಕಾಪಾಡುವುದು ಮೋಹವೆನಿಸದು.

ಆಹಾರವರ್ಗಗಳ ಪುನರ್ವಿಚಾರ

ಉಗ್ರಾದಿತ್ಯರ ಮುಂದಿದ್ದ ಕೆಲಸದ ಪ್ರಮಾಣವನ್ನು ತಿಳಿಯಲು ಚರಕದ ಅನ್ನಪಾನವಿಧಿ ಅಧ್ಯಾಯವನ್ನು ನೋಡಬೇಕು. ಅಲ್ಲಿ ಆಹಾರದ್ರವ್ಯಗಳು 12 ವರ್ಗಗಳಾಗಿವೆ: ಶೂಕಧಾನ್ಯ, ಶಮೀಧಾನ್ಯ, ಮಾಂಸ, ಶಾಕ, ಫಲ, ಹರಿತ, ಮದ್ಯ, ಜಲ, ಗೋರಸ, ಇಕ್ಷು, ಕೃತಾನ್ನ, ಆಹಾರೋಪಯೋಗಿ. ಇವುಗಳಲ್ಲಿ ಮಾಂಸವರ್ಗ ಮತ್ತು ಮದ್ಯವರ್ಗಗಳು ಜೈನನಿಗೆ ಪೂರ್ತಿಯಾಗಿ ವರ್ಜ್ಯ. ಹಸಿಶುಂಠಿ, ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಒಳಗೊಂಡ ಹರಿತವರ್ಗದ ಬಹುಭಾಗವೂ ಹೋಗುತ್ತದೆ. ಮೂಲಂಗಿ, ಹಸಿಶುಂಠಿ, ಬೆಣ್ಣೆ ಮುಂತಾದವನ್ನು ಅಲ್ಪಫಲ-ಬಹುವಿಘಾತವೆಂಬ ಕಾರಣದಿಂದ ರತ್ನಕರಂಡಕ ಶ್ರಾವಕಾಚಾರವು ಬಿಡಹೇಳುತ್ತದೆ. ಇಕ್ಷುವರ್ಗದೊಳಗೆ ಹೇಳಿರುವ ಜೇನು ಶ್ರಾವಕನ ಮೂಲಗುಣಗಳಿಗೆ ವಿರುದ್ಧ. ಪಂಚೋದುಂಬರಗಳ ಫಲಗಳನ್ನೂ ಬಿಡಬೇಕು. ಆದರೆ ಆ ಮರಗಳ ತೊಗಟೆಯ ಕಷಾಯಕ್ಕೆ ಆ ನಿಷೇಧವು ತಗಲುವುದಿಲ್ಲ. ಹಸಿಶುಂಠಿ ವರ್ಜ್ಯವಾದರೂ ಒಣಶುಂಠಿಯು ಪ್ರಾಸುಕವಾದುದರಿಂದ ತ್ರಿಕಟುವಿಗೆ ಲೋಪವಿಲ್ಲ. ತ್ರಿಫಲೆಯ ಮೂರು ಕಾಯಿಗಳಿಗೂ ಆಕ್ಷೇಪವಿಲ್ಲ. ಹೀಗೆ ವ್ರತದ ರೇಖೆಯು ವೈದ್ಯದ್ರವ್ಯಗಳ ನಡುವೆ ಬಹು ಸೂಕ್ಷ್ಮವಾಗಿ ಹಾದುಹೋಗುತ್ತದೆ.

ಅದೇ ಸಂಹಿತೆಯ ಮಾತ್ರಾಶಿತೀಯಾಧ್ಯಾಯದಲ್ಲಿ ನಿತ್ಯಸೇವನೆಗೆ ಯೋಗ್ಯವಾದ ದ್ರವ್ಯಗಳ ಒಂದು ಪಟ್ಟಿ ಇದೆ. ಷಷ್ಟಿಕ, ಶಾಲಿ, ಹೆಸರು, ಸೈಂಧವ, ನೆಲ್ಲಿಕಾಯಿ, ಜವೆ, ಮಳೆನೀರು, ಹಾಲು, ತುಪ್ಪ, ಜಾಂಗಲಮಾಂಸ, ಜೇನು ಎಂದು 11 ದ್ರವ್ಯಗಳು. ಇವುಗಳಲ್ಲಿ ಜೈನನು ಬಿಡಬೇಕಾದುದು ಕೊನೆಯ ಎರಡನ್ನು ಮಾತ್ರ, ಒಂಬತ್ತು ಉಳಿಯುತ್ತವೆ. ನೀರನ್ನು ಸೋಸಿ ಪ್ರಾಸುಕ ಮಾಡಿ ಬಳಸುವುದು ಹೆಚ್ಚಿನ ನಿಯಮ. ವರ್ಗಗಳ ಪಟ್ಟಿಯನ್ನು ನೋಡಿದಾಗ ನಷ್ಟ ದೊಡ್ಡದೆನಿಸಿದರೂ, ನಿತ್ಯದ ತಟ್ಟೆಯನ್ನು ನೋಡಿದಾಗ ಅದು ಅಷ್ಟಾಗಿ ಕಾಣುವುದಿಲ್ಲ. ಅಗ್ರ್ಯದ್ರವ್ಯಗಳ ಗಣನೆಯಲ್ಲಿ ಚರಕರು ಬೃಂಹಣಕ್ಕೆ ಮಾಂಸವನ್ನು ಶ್ರೇಷ್ಠವೆಂದರೂ ಜೀವನೀಯಗಳಲ್ಲಿ ಹಾಲನ್ನೂ, ವಾತಪಿತ್ತಶಮನದಲ್ಲಿ ತುಪ್ಪವನ್ನೂ, ವಾತಕಫಶಮನದಲ್ಲಿ ತೈಲವನ್ನೂ ಶ್ರೇಷ್ಠವೆಂದಿದ್ದಾರೆ. ಉಗ್ರಾದಿತ್ಯರ ಅನ್ನಪಾನವಿಧಿಗೆ ಆಧಾರವಾಗಿ ಉಳಿದದ್ದು ಧಾನ್ಯ, ಶಾಕ, ಫಲಗಳೊಡನೆ ಈ ಗೋರಸ-ತೈಲಗಳು.

ಜೇನಿನ ಪ್ರಶ್ನೆ ಮಾಂಸದ ಪ್ರಶ್ನೆಗಿಂತ ಕಠಿಣವಾದುದು. ಕಫಶಮನಕ್ಕೆ ಅದು ಶ್ರೇಷ್ಠವೆಂದು ಶಾಸ್ತ್ರಪ್ರಸಿದ್ಧಿ. ಅಸಂಖ್ಯ ಚೂರ್ಣ-ಲೇಹ್ಯಗಳಿಗೆ ಅದೇ ಅನುಪಾನ. ತಾನಾಗಿ ಗೂಡಿನಿಂದ ಸೋರಿದ ಜೇನಾದರೆ ದೋಷವಿಲ್ಲವೆಂಬ ವಾದಕ್ಕೂ ಆಚಾರ್ಯರು ಎಡೆಗೊಡಲಿಲ್ಲ. ಅದನ್ನು ಆಶ್ರಯಿಸಿದ ಜೀವಿಗಳ ಘಾತವು ಆಗಲೂ ತಪ್ಪದೆಂದು ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನಿರ್ಣಯಿಸಿದ್ದಾರೆ. ಆದರೆ ಪ್ರತಿನಿಧಿದ್ರವ್ಯದ ತತ್ತ್ವವು ಆಯುರ್ವೇದಕ್ಕೆ ಹೊರಗಿನದಲ್ಲ. ಒಂದು ದ್ರವ್ಯವು ದೊರೆಯದಿದ್ದಾಗ ಸಮಾನ ಗುಣವುಳ್ಳ ಮತ್ತೊಂದನ್ನು ಬಳಸಬಹುದೆಂದು ವೈದ್ಯರು ಒಪ್ಪುತ್ತಾರೆ. 16ನೆಯ ಶತಮಾನದ ಭಾವಪ್ರಕಾಶವು ಜೇನಿಲ್ಲದೆಡೆ ಹಳೆಯ ಬೆಲ್ಲವನ್ನು ವಿಧಿಸಿದೆ. ಹಳೆಯ ಬೆಲ್ಲವು ಹೊಸದರಂತೆ ಕಫವನ್ನು ಹೆಚ್ಚಿಸದೆ ಲಘುವಾಗಿರುತ್ತದೆಂಬುದು ಇದರ ಯುಕ್ತಿ. ವೈದಿಕ ವೈದ್ಯನಿಗೆ ಅಲಾಭದಿಂದ ಒದಗಿದ ಈ ಪ್ರತಿನಿಧಿಯು ಜೈನ ವೈದ್ಯನಿಗೆ ವ್ರತದಿಂದ ಒದಗುವ ಪ್ರತಿನಿಧಿ. ಕಾರಣ ಬೇರೆಯಾದರೂ ಶಾಸ್ತ್ರಮಾರ್ಗ ಒಂದೇ.

ಋತುಚರ್ಯೆ ಮತ್ತು ಆಹಾರಮಾತ್ರೆ

ಚರಕದ ತಸ್ಯಾಶಿತೀಯಾಧ್ಯಾಯದಲ್ಲಿ ಆರು ಋತುಗಳ ಪಥ್ಯವಿದೆ. ಹೇಮಂತದಲ್ಲಿ ಜಠರಾಗ್ನಿ ಪ್ರಬಲವಾಗಿರುವುದರಿಂದ ಸ್ನಿಗ್ಧವೂ ಗುರುವೂ ಆದ ಆಹಾರ ಬೇಕು. ಅದಕ್ಕಾಗಿ ಜಲಚರ, ಆನೂಪ ಪ್ರಾಣಿಗಳ ಮಾಂಸವನ್ನೂ ಮದಿರೆ, ಸೀಧು, ಜೇನುಗಳನ್ನೂ ಹೇಳಿದೆ. ವಸಂತದಲ್ಲಿ ಸಂಚಿತ ಕಫವು ಕರಗುವುದರಿಂದ ವಮನ, ವ್ಯಾಯಾಮ, ಜವೆ-ಗೋಧಿಗಳು ಪಥ್ಯ. ಗ್ರೀಷ್ಮದಲ್ಲಿ ಶೀತ-ಮಧುರ ದ್ರವಗಳು, ಹಾಲು, ತುಪ್ಪ, ಶಾಲಿಯನ್ನ. ವರ್ಷಾಕಾಲದಲ್ಲಿ ಅಗ್ನಿ ಮಂದವಾಗುವುದರಿಂದ ಹಳೆಯ ಧಾನ್ಯ, ಕಾಯಿಸಿದ ನೀರು. ಶರತ್ತಿನಲ್ಲಿ ಪಿತ್ತಪ್ರಕೋಪವನ್ನು ತಡೆಯಲು ತಿಕ್ತಘೃತ ಮತ್ತು ವಿರೇಚನ. ವಸಂತ, ಗ್ರೀಷ್ಮ, ವರ್ಷಾ, ಶರತ್ತುಗಳಲ್ಲಿಯೂ ಅಲ್ಲಲ್ಲಿ ಜಾಂಗಲಮಾಂಸ ಸೇರಿಕೊಂಡಿದೆ.

ಈ ಕ್ರಮವನ್ನು ವಿಶ್ಲೇಷಿಸಿದರೆ ಪ್ರತಿ ಋತುವಿನಲ್ಲಿಯೂ ಎರಡು ಪದರಗಳು ಕಾಣುತ್ತವೆ. ಋತುವಿನಲ್ಲಿ ಅಗ್ನಿ ಮತ್ತು ದೋಷಗಳ ಸ್ಥಿತಿ ಏನು, ಯಾವ ರಸ-ಗುಣದ ಆಹಾರ ಬೇಕು ಎಂಬುದು ಒಳಪದರ. ಆ ಗುಣವನ್ನು ಯಾವ ದ್ರವ್ಯದಿಂದ ಪಡೆಯಬೇಕೆಂಬುದು ಹೊರಪದರ. ಮಾಂಸ-ಮದ್ಯ-ಮಧುಗಳು ಬರುವುದು ಹೊರಪದರದಲ್ಲಿ ಮಾತ್ರ. ಹೇಮಂತಕ್ಕೆ ಬೇಕಾದ ಸ್ನಿಗ್ಧತ್ವವನ್ನು ತುಪ್ಪ, ಎಳ್ಳೆಣ್ಣೆ, ಹಾಲು, ಉದ್ದು, ಹೊಸ ಅಕ್ಕಿಗಳು ಒದಗಿಸುತ್ತವೆ. ವಸಂತದ ರೂಕ್ಷತ್ವವನ್ನು ಜವೆ, ಹೆಸರು, ತ್ರಿಕಟುಗಳು ಒದಗಿಸುತ್ತವೆ. ಒಳಪದರವನ್ನು ಸ್ಥಿರವಾಗಿಟ್ಟು ಹೊರಪದರವನ್ನು ಬದಲಾಯಿಸಿದುದೇ ಜೈನ ವೈದ್ಯರ ಸಾಧನೆ. ಆಯುರ್ವೇದದ ತತ್ತ್ವಕ್ಕೆ ಇದರಿಂದ ಭಂಗ ಬಂದಿಲ್ಲ.

ಆಹಾರದ ಮಾತ್ರೆಯಲ್ಲಂತೂ ಎರಡು ಪರಂಪರೆಗಳು ಅಚ್ಚರಿ ಎನಿಸುವಷ್ಟು ಹತ್ತಿರ ಬಂದಿವೆ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ಎರಡನ್ನು ಅನ್ನಕ್ಕೆ, ಒಂದನ್ನು ನೀರಿಗೆ, ಒಂದನ್ನು ವಾಯುಸಂಚಾರಕ್ಕೆ ಬಿಡಬೇಕೆಂದು ಅಷ್ಟಾಂಗಹೃದಯದ ವಿಧಿ. ವಟ್ಟಕೇರರ ಮೂಲಾಚಾರವು ಪಿಂಡಶುದ್ಧಿ ಅಧಿಕಾರದಲ್ಲಿ ಭಿಕ್ಷುವಿಗೆ ಇದೇ ಅಳತೆಯನ್ನು ಹೇಳುತ್ತದೆ: ಅರ್ಧವು ವ್ಯಂಜನಸಹಿತ ಅನ್ನಕ್ಕೆ, ಮೂರನೆಯ ಭಾಗ ನೀರಿಗೆ, ನಾಲ್ಕನೆಯದು ವಾಯುವಿಗೆ. ಪುರುಷನ ಪೂರ್ಣಾಹಾರವು 32 ಕವಳವೆಂದೂ ಅದಕ್ಕಿಂತ ಕಡಿಮೆ ಉಣ್ಣುವುದು ಅವಮೌದರ್ಯತಪಸ್ಸೆಂದೂ ಅದೇ ಪರಂಪರೆ ಗಣಿಸಿದೆ.

ಆದರೂ ಈ ಸಾಮ್ಯದಿಂದ ಅವಸರದ ನಿರ್ಣಯಕ್ಕೆ ಬರಬಾರದು. ವ್ರತಗಳೆಲ್ಲ ವೇಷ ಮರೆಸಿದ ಆರೋಗ್ಯನಿಯಮಗಳೆಂದು ಹೇಳುವ ಪ್ರವೃತ್ತಿ ಈಚಿನ ಬರಹಗಳಲ್ಲಿ ಬೆಳೆದಿದೆ. ಚಾತುರ್ಮಾಸದ ಉಪವಾಸಗಳು ಅಗ್ನಿಮಾಂದ್ಯದ ಋತುವಿಗೆ ಹೊಂದುತ್ತವೆ ಎಂಬುದು ನಿಜ. ಆದರೆ ಚಾತುರ್ಮಾಸಕ್ಕೆ ಆಗಮವು ಕೊಡುವ ಕಾರಣ ಜೀವರಕ್ಷೆ, ಅಗ್ನಿರಕ್ಷೆಯಲ್ಲ. ಮೂಲಾಚಾರವು ಮುನಿಯು ಆಹಾರವನ್ನು ಸ್ವೀಕರಿಸಲು ಆರು ಕಾರಣಗಳನ್ನೂ ತ್ಯಜಿಸಲು ಆರು ಕಾರಣಗಳನ್ನೂ ಎಣಿಸುವಾಗ ಬಲ, ರುಚಿ, ಪುಷ್ಟಿಗಳಿಗಾಗಿ ಉಣ್ಣುವುದನ್ನು ಸ್ಪಷ್ಟವಾಗಿ ನಿರಾಕರಿಸಿದೆ. ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಅಸ್ನಾನ ಮತ್ತು ಅದಂತಧಾವನಗಳು ಸೇರಿವೆ. ಆಯುರ್ವೇದದ ದಿನಚರ್ಯೆಯಾದರೋ ದಂತಧಾವನ, ಅಭ್ಯಂಗ, ವ್ಯಾಯಾಮ, ಸ್ನಾನಗಳಿಂದಲೇ ಆರಂಭವಾಗುತ್ತದೆ. ಇವೆರಡನ್ನು ಒಂದೆಂದು ಹೇಳಿದರೆ ಮುನಿಧರ್ಮಕ್ಕೂ ವೈದ್ಯಕ್ಕೂ ಅಪಚಾರವಾಗುತ್ತದೆ. ಸ್ವತಃ ಮುನಿಯಾದ ಉಗ್ರಾದಿತ್ಯರು ತಮಗೆ ಅನ್ವಯಿಸದ ದೇಹಪರಿಚರ್ಯೆಯ ಶಾಸ್ತ್ರವನ್ನು ಶ್ರಾವಕಲೋಕದ ಹಿತಕ್ಕಾಗಿ ರಚಿಸಿದರು. ವ್ಯವಹಾರ-ಪರಮಾರ್ಥಗಳ ಭೇದವನ್ನು ಅವರು ಆರಂಭದಲ್ಲಿಯೇ ಏಕೆ ಹೇಳಿದರೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹಿತಾಹಿತಾಧ್ಯಾಯದ ವಾದ

ಇಷ್ಟು ಭೂಮಿಕೆಯೊಡನೆ ಹಿತಾಹಿತಾಧ್ಯಾಯವನ್ನು ನೋಡಿದರೆ ಅದರ ನಿಲುವು ವ್ಯಕ್ತವಾಗುತ್ತದೆ. ಶೀರ್ಷಿಕೆಯೇ ಅರ್ಥಪೂರ್ಣ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಇಪ್ಪತ್ತನೆಯ ಅಧ್ಯಾಯಕ್ಕೆ ಹಿತಾಹಿತೀಯವೆಂದೇ ಹೆಸರು; ಚರಕರು ಆಯುರ್ವೇದವನ್ನು ನಿರ್ವಚಿಸುವುದೂ ಹಿತಾಯು-ಅಹಿತಾಯುಗಳ ಮೂಲಕವೇ. ಉಗ್ರಾದಿತ್ಯರು ವೈದ್ಯರ ಪರಿಭಾಷೆಯನ್ನೇ ಹಿಡಿದು ವೈದ್ಯರೊಡನೆ ವಾದಿಸುತ್ತಾರೆ. ರಾಜಸಭೆಯಲ್ಲಿ ನೆರೆದ ವಿದ್ವಾಂಸರ ಮತ್ತು ವೈದ್ಯರ ಮುಂದೆ ಮಾಂಸಭಕ್ಷಣವು ಆಹಾರವಾಗಿಯೂ ಔಷಧವಾಗಿಯೂ ನಿಷ್ಫಲವೆಂದು ಪ್ರತಿಪಾದಿಸುವುದು ಆ ಪ್ರಕರಣದ ವಿಷಯ.

ಎದುರಾಳಿಗಳ ಪಕ್ಷವು ದುರ್ಬಲವಾಗಿರಲಿಲ್ಲ. ರಾಜಯಕ್ಷ್ಮದಂತಹ ಕ್ಷಯರೋಗದಲ್ಲಿ ಚರಕಸಂಹಿತೆಯು ಮಾಂಸವನ್ನು ಒತ್ತಿ ಹೇಳುತ್ತದೆ. ಅಷ್ಟೇ ಅಲ್ಲದೆ, ರೋಗಿಯು ಹೇಸಿದರೆ ಕಾಗೆ ಮುಂತಾದವುಗಳ ಮಾಂಸವನ್ನು ಬೇರೆ ಪ್ರಾಣಿಗಳ ಹೆಸರಿನಿಂದ ಮರೆಮಾಚಿ ಉಣಿಸಬೇಕೆಂದೂ ವಿಧಿಸುತ್ತದೆ. ಜೈನನ ದೃಷ್ಟಿಯಲ್ಲಿ ಅಲ್ಲಿ ಹಿಂಸೆಗೆ ಅಸತ್ಯವೂ ಜೊತೆಯಾಯಿತು. ಆದರೆ ವೈದ್ಯನ ದೃಷ್ಟಿಯಲ್ಲಿ ಪ್ರಾಣ ಉಳಿಸುವುದೇ ಧರ್ಮ. ಈ ಇಕ್ಕಟ್ಟಿನಲ್ಲಿ ಶ್ರಾವಕನಾದ ರೋಗಿಯೊಬ್ಬನು ವ್ರತವನ್ನು ಬಿಡಬೇಕೋ ಪ್ರಾಣವನ್ನು ಬಿಡಬೇಕೋ ಎಂಬುದು ಆ ಕಾಲಕ್ಕೆ ಕೇವಲ ತರ್ಕದ ಪ್ರಶ್ನೆಯಾಗಿರಲಿಲ್ಲ. ಜೈನ ವೈದ್ಯಶಾಸ್ತ್ರವೊಂದು ಇರಬೇಕಾದ ಅಗತ್ಯವು ಹುಟ್ಟಿದ್ದು ಇಲ್ಲಿಯೇ. ಮಾಂಸವರ್ಜಿತ ಔಷಧವಿದೆ ಎಂದಾದರೆ ಮಾತ್ರ ಆ ರೋಗಿಗೆ ಮೂರನೆಯ ದಾರಿಯುಂಟು.

ಚರಕಸಂಹಿತೆಯೊಳಗೇ ಈ ಪಕ್ಷಕ್ಕೆ ಅನುಕೂಲವಾದ ಮಾತೊಂದು ಇದೆ. ಸೂತ್ರಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿ, ಪ್ರಾಣವನ್ನು ವರ್ಧಿಸುವವುಗಳಲ್ಲಿ ಅಹಿಂಸೆಯೇ ಉತ್ಕೃಷ್ಟವೆಂದೂ ಬೃಂಹಣಗಳಲ್ಲಿ ವಿದ್ಯೆಯೇ ಶ್ರೇಷ್ಠವೆಂದೂ ಹೇಳಿದೆ. ಇಪ್ಪತ್ತೈದನೆಯ ಅಧ್ಯಾಯದಲ್ಲಿ ಬೃಂಹಣಕ್ಕೆ ಮಾಂಸವನ್ನು ಅಗ್ರ್ಯವೆಂದ ಗ್ರಂಥವೇ ಇಲ್ಲಿ ಮತ್ತೊಂದು ದೃಷ್ಟಿಯನ್ನು ಮುಂದಿಟ್ಟಿದೆ. ದ್ರವ್ಯದೃಷ್ಟಿ ಮತ್ತು ಗುಣದೃಷ್ಟಿಗಳ ಈ ದ್ವಂದ್ವವನ್ನು ಸಂಹಿತೆಯು ಬಗೆಹರಿಸದೆ ಬಿಟ್ಟಿದೆ. ಕಲ್ಯಾಣಕಾರಕವು ಅದನ್ನು ಅಹಿಂಸೆಯ ಪರವಾಗಿ ಬಗೆಹರಿಸಿತು.

ಕನ್ನಡದಲ್ಲಿ ಈ ಪರಂಪರೆ

ಸಂಸ್ಕೃತದಲ್ಲಿ ಆರಂಭವಾದ ಈ ಮಾರ್ಗವು ಮುಂದುವರಿದದ್ದು ಹೆಚ್ಚಾಗಿ ಕನ್ನಡದಲ್ಲಿ. ಸುಮಾರು 1150ರ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿದುದು; ಅದರ ಚಿಕಿತ್ಸೆಯು ಮಾಂಸಮದ್ಯರಹಿತ. ಹೆಸರು ಒಂದೇ ಆಗಿರುವುದರಿಂದ ಇದನ್ನು ಉಗ್ರಾದಿತ್ಯರ ಕೃತಿಯ ಅನುವಾದವೆಂದು ತಿಳಿಯಬಾರದು. ಪೂಜ್ಯಪಾದರ ವೈದ್ಯಗ್ರಂಥವು ಉಪಲಬ್ಧವಿಲ್ಲದಿದ್ದರೂ ಅವರ ವೈದ್ಯಖ್ಯಾತಿ ಕರ್ಣಾಟಕದಲ್ಲಿ ಅಳಿಯಲಿಲ್ಲ. 16ನೆಯ ಶತಮಾನದ ಹುಂಚದ ಶಾಸನವು ಅವರ ವ್ಯಾಕರಣದೊಡನೆ ವೈದ್ಯಶಾಸ್ತ್ರವನ್ನೂ ಎಣಿಸಿದೆ. ಸುಮಾರು 1360ರ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯದ ಗ್ರಂಥವಾದರೂ ಪೂಜ್ಯಪಾದರಿಗೇ ಋಣಿ. ಕೀರ್ತಿವರ್ಮನ ‘ಗೋವೈದ್ಯ’ವು ಇದೇ ಕರುಣೆಯನ್ನು ಮೂಕಪ್ರಾಣಿಗಳಿಗೂ ವಿಸ್ತರಿಸಿತು.

ನಿತ್ಯಾಹಾರದ ದೃಷ್ಟಿಯಿಂದ ಇನ್ನೆರಡು ಕೃತಿಗಳನ್ನು ಇವುಗಳೊಡನೆ ಸೇರಿಸಬೇಕು. 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೈದ್ಯ ಮತ್ತು ಸೂಪಶಾಸ್ತ್ರಗಳು ಒಂದೇ ಗ್ರಂಥದೊಳಗೆ ನೆರೆಹೊರೆಯಾಗಿವೆ. ಸುಮಾರು 1508ರ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಪಾಕವಿಧಾನವನ್ನೇ ಷಟ್ಪದಿಯಲ್ಲಿ ಹಾಡಿದೆ. ಮಾಂಸದ ಸೋಂಕಿಲ್ಲದ ಅಡುಗೆಯಲ್ಲಿ ರುಚಿಗೂ ಪುಷ್ಟಿಗೂ ಎಷ್ಟು ವೈವಿಧ್ಯ ಸಾಧ್ಯವೆಂಬುದನ್ನು ಅದು ತೋರಿಸುತ್ತದೆ. ಋತುಚರ್ಯೆಯ ಹೊರಪದರವನ್ನು ಬದಲಾಯಿಸಬಹುದೆಂದು ವೈದ್ಯರು ಹೇಳಿದರೆ, ಬದಲಾಯಿಸಿದ ಅಡುಗೆಯ ಸ್ವರೂಪವನ್ನು ಸೂಪಕಾರರು ಬರೆದಿಟ್ಟರು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಜೈನರ ಸ್ವಾಸ್ಥ್ಯರಕ್ಷಣೆಯ ಚಿತ್ರ ಅಪೂರ್ಣವಾಗುತ್ತದೆ.

ಹಸ್ತಪ್ರತಿಗಳ ಪರಿಶೀಲನೆಗೆ ಒಂದು ಸೂಚನೆ

ಮೂಡಬಿದಿರೆ, ಕಾರ್ಕಳ ಮುಂತಾದೆಡೆಗಳ ಭಂಡಾರಗಳ ತಾಡಪತ್ರಗಳನ್ನು ಪಂ. ಕೆ. ಭುಜಬಲಿ ಶಾಸ್ತ್ರಿಗಳು ಪಟ್ಟಿಮಾಡಿ, ಆ ಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದಂದಿನಿಂದ ವೈದ್ಯಪ್ರತಿಗಳ ಶೋಧಕ್ಕೆ ದಾರಿ ಸುಗಮವಾಗಿದೆ. ವೈದ್ಯಸಂಗ್ರಹಗಳ ಕಟ್ಟುಗಳಲ್ಲಿ ಕರ್ತೃವಿನ ಹೆಸರಿಲ್ಲದ ಪ್ರತಿಗಳು ಎದುರಾದಾಗ, ಅವು ಯಾವ ಪರಂಪರೆಗೆ ಸೇರಿದವೆಂದು ನಿರ್ಣಯಿಸಲು ಮಂಗಳಪದ್ಯವೊಂದೇ ಸಾಲದು. ಲಿಪಿಕಾರರು ಅದನ್ನು ಬದಲಾಯಿಸಬಲ್ಲರು. ಯೋಗಗಳ ಒಳಗಿನ ಅನುಪಾನವು ಅದಕ್ಕಿಂತ ವಿಶ್ವಸನೀಯವಾದ ಕುರುಹು. ಇತರ ಸಂಹಿತೆಗಳಲ್ಲಿ ಜೇನು ಬರುವ ಸ್ಥಾನದಲ್ಲಿ ಬೆಲ್ಲ, ಸಕ್ಕರೆ, ತುಪ್ಪಗಳು ಕ್ರಮವಾಗಿ ಬಂದಿವೆಯೇ; ಹಸಿಶುಂಠಿಯ ಸ್ಥಾನದಲ್ಲಿ ಒಣಶುಂಠಿ ಇದೆಯೇ; ಋತುಚರ್ಯೆಯಲ್ಲಿ ಆಸವಾರಿಷ್ಟಗಳು ಉಳಿದಿವೆಯೇ, ಲುಪ್ತವಾಗಿವೆಯೇ ಎಂಬುದನ್ನು ಪ್ರತಿಯಿಂದ ಪ್ರತಿಗೆ ಹೋಲಿಸಿ ನೋಡಬೇಕು. ಒಂದೆರಡು ಯೋಗಗಳಲ್ಲಿ ಕಂಡ ಬದಲಾವಣೆ ಆಕಸ್ಮಿಕವಿರಬಹುದು; ಗ್ರಂಥದುದ್ದಕ್ಕೂ ನಡೆದ ಬದಲಾವಣೆ ಆಕಸ್ಮಿಕವಾಗಲಾರದು.

ಇಂತಹ ಪರಿಶೀಲನೆಯಲ್ಲಿ ಸ್ವಸ್ಥವೃತ್ತದ ಭಾಗವು ಮೊದಲು ಓದಬೇಕಾದ ಭಾಗ. ಅಪರೂಪದ ರೋಗಕ್ಕೆ ಹೇಳಿದ ಅಪರೂಪದ ಯೋಗವನ್ನು ಯಾವ ವೈದ್ಯನಾದರೂ ಯಾವ ಗ್ರಂಥದಿಂದಲಾದರೂ ಎತ್ತಿಕೊಂಡಿರಬಹುದು. ಮುಂಜಾನೆಯಿಂದ ರಾತ್ರಿಯವರೆಗೆ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವ ಋತುವಿನಲ್ಲಿ ಏನನ್ನು ಬಿಡಬೇಕೆಂಬ ವಿಧಿಯಾದರೋ ಒಂದು ಸಮಾಜವು ಬಾಳಿದ ರೀತಿಯಿಂದಲೇ ಬರುವಂಥದು. ರೋಗದ ಅಧ್ಯಾಯಗಳಿಗೆ ಮೊದಲು ಆರು ಪರಿಚ್ಛೇದಗಳನ್ನು ಆರೋಗ್ಯಕ್ಕೆ ಕೊಟ್ಟ ಉಗ್ರಾದಿತ್ಯರು ರಾಷ್ಟ್ರಕೂಟ ಸಭೆಯ ವಾದಕ್ಕೆ ಬೇಕಾದ ಪ್ರಮಾಣವನ್ನು ಅಲ್ಲಿಯೇ ಸಿದ್ಧಪಡಿಸಿಕೊಂಡಿದ್ದರು. ಆ ವಾದದ ಬಲವೆಲ್ಲ ಶ್ರಾವಕನ ನಿತ್ಯದ ಊಟದಲ್ಲಿತ್ತು.